ಜೂನ್ ಮಳೆಯಲ್ಲಿ ಅಮ್ಮನ ಜೊತೆ ಕ್ಯೋಟೋ: ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ಜೂನ್ ಕೊನೆಯ ವಾರ ಓಸಾಕಾದಲ್ಲಿ ಆಫೀಸಿನ ಕೆಲಸವಿದೆ. ಅದೇ ನೆಪದಲ್ಲಿ ಅಮ್ಮನನ್ನು ಕರೆದುಕೊಂಡು ಐದು ದಿನ ಕ್ಯೋಟೋದಲ್ಲಿ ಇರೋಣ ಅಂದುಕೊಂಡಿದ್ದೇನೆ. ಅಮ್ಮನಿಗೆ 67 ವರ್ಷ. ತೀರ್ಥಹಳ್ಳಿ ಹತ್ತಿರ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಭೂಪಟದ ಮೇಲೆ ಕೋಲಿಟ್ಟು ಎಷ್ಟೋ ಮಕ್ಕಳಿಗೆ ಜಪಾನ್ ತೋರಿಸಿದ್ದಾರೆ. ಆದರೆ ಒಮ್ಮೆಯೂ ದೇಶ ಬಿಟ್ಟು ಹೋಗಿಲ್ಲ.

ಮಂಡಿ ನೋವಿದೆ. ಸಮತಟ್ಟಿನಲ್ಲಿ ನಡೆಯುತ್ತಾರೆ, ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಹುಡುಕಿ ಹುಡುಕಿ 14 ದೇವಸ್ಥಾನಗಳ ಪಟ್ಟಿ ಮಾಡಿದ್ದೇನೆ. ಕಿನ್ಕಾಕುಜಿ, ಗಿನ್ಕಾಕುಜಿ, ಕಿಯೋಮಿಜು, ರ‍್ಯೋಆನ್‌ಜಿ, ತೋಜಿ, ಫುಷಿಮಿ ಇನಾರಿ, ಹೀಗೆ ಹೋಗುತ್ತದೆ. ನೋಡಿದರೆ ನನಗೇ ಸುಸ್ತಾಗುತ್ತದೆ. ಜೊತೆಗೆ ಎಲ್ಲರೂ ‘ಜೂನ್‌ನಲ್ಲಿ ಅಲ್ಲಿ ಮಳೆಗಾಲ, ದುಡ್ಡು ದಂಡ’ ಅಂತಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ. ಹೋಗಲಾ? ಹೋದರೆ ಯಾವುದನ್ನು ಬಿಡಲಿ?

ನಡೆದು ನೋಡಿದವನು

ನಾನು ಎರಡು ಸಲ ಹೋಗಿದ್ದೇನೆ. ಒಮ್ಮೆ ಏಪ್ರಿಲ್ ಮೊದಲ ವಾರ, ಒಮ್ಮೆ ನವೆಂಬರ್ ಕೊನೆ. ಸಾಧ್ಯವಾದರೆ ಮುಂದೆ ಹಾಕಿ ಅಂತಲೇ ಹೇಳುತ್ತೇನೆ. ತೋಫುಕುಜಿಯಲ್ಲಿ ಕಣಿವೆಗೆ ಅಡ್ಡ ಕಟ್ಟಿದ ಮರದ ಸೇತುವೆ ಇದೆ, ತ್ಸೂತೆನ್‌ಕ್ಯೋ ಅಂತ. ನವೆಂಬರ್‌ನಲ್ಲಿ ಅದರ ಮೇಲೆ ನಿಂತು ಕೆಳಗೆ ನೋಡಿದರೆ ಮೇಪಲ್ ಮರಗಳೆಲ್ಲ ಕೆಂಡದ ಹಾಗೆ ಇರುತ್ತವೆ. ಆ ನೋಟ ಇನ್ನೂ ಕಣ್ಣಲ್ಲಿದೆ.

ಮಳೆಯಲ್ಲಿ ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವುದು ನನಗೆ ಭಯವೇ. ಕಿಯೋಮಿಜುವಿಗೆ ಹೋಗುವ ಸನ್ನೆನ್‌ಜಾಕಾ ಇಳಿಜಾರು ಪೂರ್ತಿ ಕಲ್ಲು ಮೆಟ್ಟಿಲು. ಅಲ್ಲಿ ಜಾರಿ ಬಿದ್ದವರಿಗೆ ಮೂರು ವರ್ಷದಲ್ಲಿ ಸಾವು ಎಂಬ ನಂಬಿಕೆಯೇ ಊರಲ್ಲಿದೆ. ನಂಬುವುದು ಬಿಡುವುದು ಬೇರೆ ಮಾತು, ಆದರೆ ಕಲ್ಲು ಜಾರುವುದು ನಿಜ.

ಓಸಾಕಾ ವಾಸಿ

ನಾನು ಈ ಕಡೆ ಬಂದು ಒಂಬತ್ತು ವರ್ಷ ಆಯಿತು. ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಕ್ಷಮಿಸಿ.

ಮೊದಲು ಮಳೆ. ಕ್ಯೋಟೋದಲ್ಲಿ ಇಡೀ ಜೂನ್ ತಿಂಗಳಿಗೆ ಬೀಳುವುದು ಸುಮಾರು 200 ಮಿಲಿಮೀಟರ್. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಇದು ಮಳೆಯೇ ಅಲ್ಲ. ಜೋರು ಹಿಡಿದರೆ ಆಗುಂಬೆಯಲ್ಲಿ ಒಂದೆರಡು ದಿನದಲ್ಲಿ ಇಷ್ಟು ಬೀಳುತ್ತದೆ. ಇಲ್ಲಿಯದು ಸುಮ್ನೆ ಸಣ್ಣಗೆ ಹನಿಯುವ ಮಳೆ. ಅರ್ಧ ದಿನ ಬರುತ್ತದೆ, ನಿಲ್ಲುತ್ತದೆ, ಮೋಡ ಹಾಗೇ ಇರುತ್ತದೆ. ಇದಕ್ಕೆ ತ್ಸುಯು ಅನ್ನುತ್ತಾರೆ. ಬರೆಯುವಾಗ ‘ಪ್ಲಮ್ ಮಳೆ’ ಎಂದು ಬರೆಯುತ್ತಾರೆ, ಪ್ಲಮ್ ಹಣ್ಣು ಮಾಗುವ ಕಾಲ ಇದು. ನಿಜವಾದ ಕಷ್ಟ ಮಳೆಯದಲ್ಲ, ಸೆಕೆಯದು. ಊರಿನ ಮೂರು ಕಡೆ ಬೆಟ್ಟ, ಗಾಳಿ ಆಡುವುದಿಲ್ಲ.

ಎರಡನೆಯದು ಜನ. ನವೆಂಬರ್‌ನಲ್ಲಿ ಆ ತೋಫುಕುಜಿ ಸೇತುವೆ ಮೇಲೆ ನಿಲ್ಲಲು ಬಿಡುವುದೇ ಇಲ್ಲ, ಹಿಂದಿನಿಂದ ತಳ್ಳಿಕೊಂಡು ಬರುತ್ತಾರೆ. ಮಂಡಿ ನೋವಿನವರಿಗೆ ಅದು ಮಳೆಗಿಂತ ಕಷ್ಟ.

ಮೂರನೆಯದೇ ಮುಖ್ಯ. ಕ್ಯೋಟೋದ ತೋಟಗಳಲ್ಲಿ ಅರ್ಧ ಜೀವ ಪಾಚಿಯಲ್ಲಿದೆ. ಬಿಸಿಲಲ್ಲಿ ಅದು ಒಣಗಿ ಕಂದು ಬಣ್ಣಕ್ಕೆ ಬರುತ್ತದೆ. ಮಳೆ ಬಿದ್ದ ಮೇಲೆ ನೋಡಬೇಕು. ನಮ್ಮ ಅಮ್ಮ ಬಂದಾಗ ನಾನು ಬೇಕೆಂದೇ ಜೂನ್‌ನಲ್ಲಿ ಕರೆಸಿದ್ದೆ.

ಪಟ್ಟಿ ಬಗ್ಗೆ: ದಿನಕ್ಕೆ ಎರಡು ಸಾಕು. ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಇಲ್ಲಿನ ದೇವಸ್ಥಾನಗಳು ಸುತ್ತಿ ಹೊರಗೆ ಬರಲು ಕಟ್ಟಿದ್ದಲ್ಲ. ಹಲವು ಕಡೆ ತೋಟದ ಎದುರಿಗೆ ಮರದ ಜಗುಲಿ ಇರುತ್ತದೆ. ಅದು ಕೂರುವುದಕ್ಕೇ ಇರುವುದು. ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ನಾನಾದರೆ ರ‍್ಯೋಆನ್‌ಜಿ, ಸಾಂಜೂಸಾಂಗೆಂದೋ, ತೋಜಿ, ನಾನ್‌ಜೆನ್‌ಜಿ, ತೆನ್‌ರ‍್ಯೂಜಿ, ಸಾಯ್ಹೋಜಿ ಇಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತೇನೆ. ಫುಷಿಮಿ ಇನಾರಿಯಲ್ಲಿ ಬೆಟ್ಟ ಹತ್ತುವುದು ಬೇಡ. ಬೆಳಗ್ಗೆ ಆರಕ್ಕೆ ಹೋಗಿ ಕೆಳಗಿನ ಕೆಂಪು ತೋರಣಗಳ ಸಾಲಿನಲ್ಲಿ ಸ್ವಲ್ಪ ನಡೆದು ಬನ್ನಿ. ಅದಕ್ಕೆ ಟಿಕೆಟ್ ಇಲ್ಲ, ಬಾಗಿಲು ಹಾಕುವುದೂ ಇಲ್ಲ.

ಇನ್ನೊಂದು ಮಾತು. ಒಳಗೆ ಹೋಗುವಾಗ ಹಲವು ಕಡೆ ಶೂ ಬಿಚ್ಚಬೇಕು. ಮಳೆಯಲ್ಲಿ ಕಾಲುಚೀಲ ಒದ್ದೆಯಾಗಿದ್ದರೆ ಮರದ ನೆಲದ ಮೇಲೆ ನಡೆಯಲು ಮುಜುಗರ. ಬ್ಯಾಗಿನಲ್ಲಿ ದಿನಕ್ಕೆ ಎರಡು ಜೊತೆ ಒಣ ಕಾಲುಚೀಲ ಇರಲಿ.

ಕಲ್ಲುಗುಡಿ

ತೋಜಿ ಮತ್ತು ಸಾಂಜೂಸಾಂಗೆಂದೋ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮವರು ಈ ಎರಡನ್ನು ಬಿಟ್ಟು ಬಂಗಾರದ ಗುಡಿ ಕಿನ್ಕಾಕುಜಿಯನ್ನು ನೋಡಿ ಬಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕ್ಯೋಟೋ ರಾಜಧಾನಿಯಾದದ್ದು 794ರಲ್ಲಿ. ಆಗ ಅದರ ಹೆಸರು ಹೇಆನ್‌ಕ್ಯೋ. ಎರಡು ವರ್ಷಕ್ಕೆ ಊರ ದಕ್ಷಿಣ ಬಾಗಿಲ ಹತ್ತಿರ ತೋಜಿ ಶುರುವಾಯಿತು. 823ರಲ್ಲಿ ರಾಜ ಅದನ್ನು ಕೂಕಾಯ್ ಎಂಬ ಸನ್ಯಾಸಿಯ ಕೈಗೆ ಕೊಟ್ಟ. ಚೀನಾಕ್ಕೆ ಹೋಗಿ ಮಂತ್ರಯಾನ ಎಂಬ ಬೌದ್ಧ ಪದ್ಧತಿ ಕಲಿತು ಬಂದವನು ಅವನು. ಅಲ್ಲಿನ ಉಪನ್ಯಾಸ ಮಂದಿರದಲ್ಲಿ 21 ಮೂರ್ತಿಗಳನ್ನು ಮಂಡಲದ ಕ್ರಮದಲ್ಲಿ ನಿಲ್ಲಿಸಿದ್ದಾರೆ. ಒಂದು ತುದಿಯಲ್ಲಿ ಬೋಂತೆನ್, ಇನ್ನೊಂದು ತುದಿಯಲ್ಲಿ ತಾಯ್ಷಾಕುತೆನ್. ಯಾರು ಇವರು ಅಂದುಕೊಂಡಿರಿ? ಬೋಂತೆನ್‌ಗೆ ನಾಲ್ಕು ಮುಖ, ಕೂತಿರುವುದು ನಾಲ್ಕು ಹಂಸಗಳ ಮೇಲೆ. ನಮ್ಮ ಬ್ರಹ್ಮ. ತಾಯ್ಷಾಕುತೆನ್ ಆನೆಯ ಮೇಲೆ ಕಾಲು ಇಳಿಬಿಟ್ಟು ಕೂತ ಇಂದ್ರ. ಹಳೇಬೀಡಿನಲ್ಲಿ ಐರಾವತದ ಮೇಲಿನ ಇಂದ್ರನನ್ನು ನೋಡಿದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಂದಹಾಗೆ, ತೋಜಿಯ ಇವು ಹಳೇಬೀಡಿಗಿಂತ ಹಳೆಯವು, 9ನೇ ಶತಮಾನದವು.

ಸಾಂಜೂಸಾಂಗೆಂದೋ ಸುಮಾರು 120 ಮೀಟರ್ ಉದ್ದದ ಒಂದೇ ಮರದ ಮನೆ. ಹೆಸರಿನ ಅರ್ಥ ‘33 ಅಂಕಣದ ಮಂದಿರ’. ಕಂಬಗಳ ನಡುವಿನ ಅಂಕಣಗಳ ಲೆಕ್ಕ ಅದು. ಒಳಗೆ 1001 ಕನ್ನೋನ್ ಮೂರ್ತಿಗಳು, ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಮೊದಲು ಕಟ್ಟಿದ್ದು 1164ರಲ್ಲಿ. 1249ರಲ್ಲಿ ಬೆಂಕಿ ಬಿತ್ತು. ಮೊದಲಿನ ನಿಂತ ಮೂರ್ತಿಗಳಲ್ಲಿ ಇಂದು ಉಳಿದಿರುವುದು 124. ಹೋದದ್ದನ್ನು ಮತ್ತೆ ಕೆತ್ತಿ, 1266ರಲ್ಲಿ ಮಂದಿರ ಪೂರ್ತಿ ಮಾಡಿದರು. ಸಾಲಿನ ಮುಂದೆ 28 ಕಾವಲು ದೇವತೆಗಳು ನಿಂತಿದ್ದಾರೆ. ಕೊಳಲು ಊದುವ ಗರುಡನನ್ನು ನಾನು ಅಲ್ಲೇ ಮೊದಲು ನೋಡಿದ್ದು. ಎಲುಬು ಕಾಣುವ ಮುದುಕ ಋಷಿಯೂ ಇದ್ದಾನೆ, ವಸು ಎಂದು ಹೆಸರು. ಸಮತಟ್ಟಾದ ನೆಲ, ತಲೆ ಮೇಲೆ ಸೂರು. ಅಮ್ಮನಿಗೂ ಮಳೆಗೂ ಎರಡಕ್ಕೂ ಸರಿ. ಫೋಟೋ ತೆಗೆಯುವ ಹಾಗಿಲ್ಲ, ಅದೂ ಒಳ್ಳೆಯದೇ.

ಕೂಕಾಯ್ ಶುರು ಮಾಡಿದ ಶಿಂಗೋನ್ ಪಂಥದ ಗುಡಿಗಳಲ್ಲಿ ‘ಗೋಮಾ’ ನಡೆಯುತ್ತದೆ. ಬೆಂಕಿಗೆ ಸಮಿಧೆ ಹಾಕಿ ಮಂತ್ರ ಹೇಳುತ್ತಾರೆ. ಹೋಮ ಎಂಬ ಮಾತೇ ಚೀನಾದ ಮೇಲೆ ಹಾದು ಗೋಮಾ ಆಗಿದೆ.

ಬಸ್ ನಂಬರ್ 100

ಓಡಾಟದ ಬಗ್ಗೆ ಚಿಕ್ಕದಾಗಿ. ಇಡೀ ದೇಶದ ರೈಲು ಪಾಸ್ ತಗೋಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸು 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋದಿಂದ ಬರುವುದಾದರೆ ಬಿಡಿ ಟಿಕೆಟ್ ಸುಮಾರು 14,000 ಯೆನ್, ಎರಡೂಕಾಲು ಗಂಟೆ. ಊರೊಳಗೆ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಹತ್ತಿ, ಮುಂದೆ ಇಳಿಯುವಾಗ ದುಡ್ಡು ಕೊಡಬೇಕು. ಆದರೆ ಬಸ್ಸುಗಳು ತುಂಬಿ ತುಳುಕುತ್ತವೆ. ಅಮ್ಮ ಇದ್ದಾರೆ ಅಂದಮೇಲೆ ಮೆಟ್ರೋದಲ್ಲಿ ಹತ್ತಿರದವರೆಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಮಾಡಿ. ಟ್ಯಾಕ್ಸಿ ಬಾಗಿಲನ್ನು ನೀವು ಮುಟ್ಟಬೇಡಿ, ಡ್ರೈವರ್ ಕೂತಲ್ಲಿಂದಲೇ ತೆರೆಯುತ್ತಾರೆ.

ಹುಳಿಗೊಜ್ಜು

ಊಟದ ವಿಷಯ ನಾನು ಹೇಳುತ್ತೇನೆ, ಕಷ್ಟಪಟ್ಟು ಕಲಿತಿದ್ದೇನೆ. ‘ಮೀನು ಇಲ್ಲ, ಮಾಂಸ ಇಲ್ಲ’ ಅಂದರೆ ಸಾಲುವುದಿಲ್ಲ. ದಾಶಿ ಎಂಬ ಸಾರಿನ ನೀರು ಎಲ್ಲದರಲ್ಲೂ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಒಣಮೀನಿನ ಹೆರಕಲು ಹಾಕುತ್ತಾರೆ. ಸೋಬಾ, ಉದೋನ್ ನೂಡಲ್ಸ್, ಮಿಸೋ ಸೂಪು, ಬೇಯಿಸಿದ ತರಕಾರಿ, ಯಾವುದನ್ನೂ ಕೇಳದೆ ತಿನ್ನಬೇಡಿ. ‘ಕೊಂಬು ದಾಶಿ’ ಅಂದರೆ ಸಮುದ್ರದ ಪಾಚಿಯದು, ಅದು ಆಗುತ್ತದೆ.

ನಂಬಿ ತಿನ್ನಬಹುದಾದದ್ದು ಶೋಜಿನ್ ರ‍್ಯೋರಿ. ಅದು ಸನ್ಯಾಸಿಗಳ ಊಟ. ಮೀನು, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅರಾಶಿಯಾಮಾದ ತೆನ್‌ರ‍್ಯೂಜಿ ಒಳಗೆ ಶಿಗೆತ್ಸು ಎಂಬ ಊಟದ ಮನೆ ಇದೆ, ತೋಟ ನೋಡಿ ಅಲ್ಲೇ ಊಟ ಮಾಡಬಹುದು. ಎಳ್ಳಿನ ತೋಫು, ಸೋಯಾ ಹಾಲಿನಿಂದ ಕೆನೆಯ ಹಾಗೆ ಎತ್ತಿದ ಯೂಬಾ, ಅನ್ನ, ಉಪ್ಪಿನಕಾಯಿ. ಖಾರ ಇರುವುದಿಲ್ಲ ಎಂದು ಅಮ್ಮನಿಗೆ ಮೊದಲೇ ಹೇಳಿಡಿ.

ಉಳಿದ ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಬಿಸಿ ಅನ್ನ ಅಂಗಡಿಯಲ್ಲೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ.

ತುಂಗೆಯ ದಡ

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಹೋಗುವುದು ಖಚಿತ. ಎರಡು ಅನುಮಾನ. ಸಾಯ್ಹೋಜಿಗೆ ಟಿಕೆಟ್ ತುಂಬಾ ದುಬಾರಿ ಇದೆ, ಅಷ್ಟು ಯೋಗ್ಯವಾ? ಮತ್ತೆ ಕಿನ್ಕಾಕುಜಿಯನ್ನು ನಿಜವಾಗಿ ಬಿಡಬಹುದಾ? ಕ್ಯೋಟೋಗೆ ಹೋಗಿ ಬಂಗಾರದ ಮಂಟಪ ನೋಡಲಿಲ್ಲ ಅಂದರೆ ಊರಲ್ಲಿ ಎಲ್ಲರೂ ಕೇಳುತ್ತಾರೆ ಅಲ್ವಾ?

ನಡೆದು ನೋಡಿದವನು

ಕಿನ್ಕಾಕುಜಿ ಬಿಡಬೇಡಿ! ಅರ್ಧ ಗಂಟೆಯ ಕೆಲಸ. ಕೆರೆಯಲ್ಲಿ ಬಂಗಾರದ ನೆರಳು ಬೀಳುವುದನ್ನು ಅಮ್ಮ ಒಮ್ಮೆ ನೋಡಲಿ. ರ‍್ಯೋಆನ್‌ಜಿಗೆ ಹತ್ತಿರವೇ ಇದೆ.

ಕಲ್ಲುಗುಡಿ

ಅದು 1950ರಲ್ಲಿ ಸುಟ್ಟು ಹೋಗಿ 1955ರಲ್ಲಿ ಮತ್ತೆ ಕಟ್ಟಿದ್ದು. ಅಲ್ಲಿನ ಎಳೆಯ ಸನ್ಯಾಸಿಯೊಬ್ಬನೇ ಬೆಂಕಿ ಇಟ್ಟಿದ್ದ. ಹಳೆಯದನ್ನು ನೋಡಬೇಕು ಎಂಬ ಆಸೆ ಇದ್ದರೆ ಆ ಅರ್ಧ ಗಂಟೆ ಬೇರೆ ಕಡೆ ಕೊಡಿ.

ನಡೆದು ನೋಡಿದವನು

ಹಾಗಾದರೆ ಕ್ಯೋಟೋದಲ್ಲಿ ಯಾವುದು ಸುಟ್ಟಿಲ್ಲ ಹೇಳಿ? ಕಿಯೋಮಿಜುವಿನ ಈಗಿನ ಮಂದಿರ 1633ರದು. ತೋಜಿಯ 55 ಮೀಟರ್ ಗೋಪುರ ನಾಲ್ಕು ಸಲ ಸುಟ್ಟಿದೆ, ಈಗಿರುವುದು 1644ರದು. ಮರದ ಊರು ಅದು. ಸುಡುತ್ತದೆ, ಮತ್ತೆ ಅದೇ ಅಳತೆಗೆ ಕಟ್ಟುತ್ತಾರೆ. ಕಲ್ಲಿನ ಗುಡಿ ನೋಡಿ ಬೆಳೆದ ನಾವು ‘ಇದು ಮೂಲವಲ್ಲ’ ಅನ್ನುವುದು ಅವರ ಲೆಕ್ಕಕ್ಕೆ ಹೊಂದುವುದಿಲ್ಲ.

ಕಲ್ಲುಗುಡಿ

ಇದು ಒಪ್ಪುವ ಮಾತು. ನಾನು ಹೇಳಿದ್ದು ಹಿಂದಕ್ಕೆ ತಗೊಂಡೆ.

ಹೂವು ಬಳ್ಳಿ

ತೋಟಗಾರಿಕೆ ಓದಿದವಳು ನಾನು. ಸಾಯ್ಹೋಜಿ ಬಗ್ಗೆ ಹೇಳದೆ ಇರಲಾರೆ.

1339ರಲ್ಲಿ ಮೂಸೋ ಸೋಸೆಕಿ ಎಂಬ ಜೆನ್ ಗುರು ಅದನ್ನು ಮತ್ತೆ ಕಟ್ಟಿದ. ತೆನ್‌ರ‍್ಯೂಜಿಯ ತೋಟವೂ ಅವನದೇ. ಆದರೆ ಸಾಯ್ಹೋಜಿಯ ಪಾಚಿಯನ್ನು ಅವನು ಬೆಳೆಸಿದ್ದಲ್ಲ. ಕಾಲಾನಂತರ ತೋಟದ ಕಡೆ ಗಮನ ಕಡಿಮೆಯಾಯಿತು. ನೆರಳು, ತೇವ, ಜೇಡಿ ಮಣ್ಣು ಎಲ್ಲ ಕೂಡಿ ಪಾಚಿ ತಾನಾಗಿ ಹಬ್ಬಿತು. ಈಗ ಸುಮಾರು 120 ಜಾತಿಯ ಪಾಚಿ ಇವೆ. ಜನ ಅದನ್ನು ‘ಪಾಚಿ ಗುಡಿ’ ಅಂತಲೇ ಕರೆಯುತ್ತಾರೆ. ತಾನಾಗಿ ಬಂದದ್ದು ಎಂದು ಸುಮ್ಮನೆ ಬಿಟ್ಟಿಲ್ಲ ನೋಡಿ. ಬಿದ್ದ ಎಲೆಯೊಂದು ಹೆಚ್ಚು ದಿನ ಕೂತರೆ ಕೆಳಗಿನ ಪಾಚಿ ಸಾಯುತ್ತದೆ. ಅದಕ್ಕೇ ಮೆತ್ತಗಿನ ಪೊರಕೆ ಹಿಡಿದು ವರ್ಷವಿಡೀ ಗುಡಿಸುತ್ತಾರೆ. ಪಾಚಿಗೆ ಬೇರಿಲ್ಲ, ಜೋರಾಗಿ ಎಳೆದರೆ ಕಿತ್ತೇ ಬರುತ್ತದೆ. ಆ ಕೈ ಹದ ಕಲಿಯಲು ವರ್ಷಗಳು ಬೇಕು. ಟಿಕೆಟ್ಟಿನ ದುಡ್ಡು, ಮೊದಲೇ ಬುಕ್ ಮಾಡಿದ ಸ್ವಲ್ಪ ಜನರಿಗೆ ಮಾತ್ರ ಪ್ರವೇಶ ಎನ್ನುವ ನಿಯಮ, ಎಲ್ಲ ಆ ಪಾಚಿ ಉಳಿಯಲೆಂದೇ. ನನ್ನ ಮಟ್ಟಿಗೆ ಯೋಗ್ಯ.

ರ‍್ಯೋಆನ್‌ಜಿಯಲ್ಲಿ ಬಿಳಿ ಜಲ್ಲಿಯ ಮೇಲೆ 15 ಕಲ್ಲು. ಜಗುಲಿಯಲ್ಲಿ ಎಲ್ಲಿ ಕೂತರೂ ಒಂದು ಕಲ್ಲು ಮರೆಯಾಗುತ್ತದೆ. ಜನ ಎಣಿಸಿ ಎದ್ದು ಹೋಗುತ್ತಾರೆ. ಎಣಿಸುವುದು ಮುಗಿದ ಮೇಲೂ ಕೂತಿರಿ. ಕಲ್ಲುಗಳ ಬುಡದಲ್ಲಿ ಪಾಚಿಯ ಅಂಚು ಇದೆ, ಹಿಂದೆ ಎಣ್ಣೆ ಬೆರೆಸಿದ ಮಣ್ಣಿನ ಗೋಡೆ ಇದೆ. ಆ ಗೋಡೆಯ ಮೇಲೆ ಎಣ್ಣೆ ಒಸರಿ ಆದ ಕಲೆಗಳು ನನಗೆ ಕಲ್ಲುಗಳಿಗಿಂತ ಇಷ್ಟ. ಕೆಳಗಿನ ಕೆರೆಯಲ್ಲಿ ಜೂನ್‌ಗೆ ನೈದಿಲೆ ಅರಳಿರುತ್ತದೆ.

ನಾನ್‌ಜೆನ್‌ಜಿಯಲ್ಲಿ ಇಟ್ಟಿಗೆ ಕಮಾನಿನ ಕಾಲುವೆ ಗುಡಿಯ ಅಂಗಳದಲ್ಲೇ ಹಾದು ಹೋಗುತ್ತದೆ. ರಾಜ ಟೋಕಿಯೋಗೆ ಹೋದ ಮೇಲೆ ಕ್ಯೋಟೋ ಬಡವಾಗಿತ್ತು. ಆಗ ಬೀವಾ ಸರೋವರದಿಂದ ಸುರಂಗ ಕೊರೆದು ನೀರು ತಂದರು. 1890ರಲ್ಲಿ ಕಾಲುವೆ ಮುಗಿಯಿತು, ಮರುವರ್ಷ ಅದೇ ನೀರಿನಿಂದ ಕರೆಂಟು, 1895ಕ್ಕೆ ಟ್ರಾಮು. ಹತ್ತಿರದ ಮುರಿನ್‌ಆನ್ ತೋಟದ ತೊರೆಗೂ ಅದೇ ಕಾಲುವೆ ನೀರು. ಶಿವನಸಮುದ್ರದ ಕತೆ ಕೇಳಿ ಬೆಳೆದ ಮೈಸೂರಿನವಳು ನಾನು, ಅಲ್ಲಿ ತುಂಬಾ ಹೊತ್ತು ನಿಂತಿದ್ದೆ.

ಓಸಾಕಾ ವಾಸಿ

ಒಂದು ದಿನ ನಾರಾಗೆ ಹೋಗಿ. ರೈಲಿನಲ್ಲಿ ಮುಕ್ಕಾಲು ಗಂಟೆ. ಕ್ಯೋಟೋಗಿಂತ ಮೊದಲು, 710ರಿಂದ, ಅದೇ ರಾಜಧಾನಿ. ತೋದಾಯ್‌ಜಿಯ ದೊಡ್ಡ ಬುದ್ಧನಿಗೆ 752ರಲ್ಲಿ ಕಣ್ಣು ಬರೆದು ದೃಷ್ಟಿ ತೆರೆದವನು ಬೋಧಿಸೇನ. ನಮ್ಮ ದೇಶದಿಂದ ಹೋದ ಸನ್ಯಾಸಿ. ಅವನ ಕುಂಚಕ್ಕೆ ಉದ್ದನೆಯ ರೇಷ್ಮೆ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ನಿಂತಿದ್ದರಂತೆ.

ಮತ್ತೆ ನೀವು 30ರವರೆಗೆ ಇರುತ್ತೀರಿ ಅಲ್ವಾ? ಹಾಗಾದರೆ ಅದೃಷ್ಟ. ಜೂನ್ 30ಕ್ಕೆ ಶಿಂತೋ, ಅಂದರೆ ಇಲ್ಲಿನ ಮೂಲ ಧರ್ಮದ, ಗುಡಿಗಳಲ್ಲಿ ನಾಗೋಶಿ ನಡೆಯುತ್ತದೆ, ಅರ್ಧ ವರ್ಷದ ಕೊಳೆ ತೊಳೆಯುವ ದಿನ. ಆಳೆತ್ತರಕ್ಕಿಂತ ದೊಡ್ಡ ಹುಲ್ಲಿನ ಬಳೆ ನಿಲ್ಲಿಸುತ್ತಾರೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸುತ್ತಿ ಮೂರು ಸಲ ದಾಟಬೇಕು.

ತುಂಗೆಯ ದಡ

ಹೋಗಿ ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ.

ಐದು ದಿನದಲ್ಲಿ ನೋಡಿದ್ದು ಎಂಟು ಜಾಗ. ಮೂರು ದಿನ ಮಳೆ, ಒಂದು ದಿನ ಬರೀ ಮೋಡ, ಒಂದು ದಿನ ಸುಡುವ ಬಿಸಿಲು. ಆ ಬಿಸಿಲಿನ ದಿನವೇ ಅಮ್ಮನಿಗೆ ಕಷ್ಟವಾದದ್ದು. ಮಳೆಯಲ್ಲಿ ಅವರು ಆರಾಮಾಗಿದ್ದರು. ನಾನು ಒಂದು ತಪ್ಪು ಮಾಡಿದೆ. ಮೊದಲ ದಿನ ಹುರುಪಿನಲ್ಲಿ ಕಿಯೋಮಿಜುವಿಗೆ ಕರೆದುಕೊಂಡು ಹೋದೆ. ಟ್ಯಾಕ್ಸಿ ಇಳಿದ ಮೇಲೂ ಏರು ಇತ್ತು, ಜನವೂ ಇದ್ದರು. ಅಮ್ಮ ಏನೂ ಹೇಳಲಿಲ್ಲ, ಆದರೆ ರಾತ್ರಿ ಮಂಡಿ ಊದಿತ್ತು. ಮರುದಿನ ಬೆಳಗ್ಗೆ ಎಲ್ಲಿಗೂ ಹೋಗದೆ ರೂಮಿನ ಕಿಟಕಿಯಿಂದ ಬೆಟ್ಟದ ಮೇಲೆ ಮೋಡ ಇಳಿಯುವುದನ್ನು ನೋಡುತ್ತಾ ಕೂತೆವು. ನಡೆದು ನೋಡಿದವರು ಹೇಳಿದ್ದು ಅಲ್ಲಿಗೆ ಸರಿಯಾಗಿತ್ತು.

ಸಾಯ್ಹೋಜಿ. ಒಳಗೆ ಹೋದ ಕೂಡಲೇ ತೋಟಕ್ಕೆ ಬಿಡುವುದಿಲ್ಲ. ಕುಂಚ ಕೊಟ್ಟು ಒಂದು ಸಣ್ಣ ಬೌದ್ಧ ಸೂತ್ರವನ್ನು ತಿದ್ದಿ ಬರೆಯಲು ಹೇಳುತ್ತಾರೆ. ಮಸುಕಾದ ಅಕ್ಷರದ ಮೇಲೆ ತಿದ್ದಬೇಕು. ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಅಮ್ಮ, ಗೊತ್ತಿಲ್ಲದ ಲಿಪಿಯನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು ತಿದ್ದುತ್ತಿದ್ದರು. ನಾನು ಬರೆಯುವುದು ಬಿಟ್ಟು ಅವರನ್ನೇ ನೋಡುತ್ತಿದ್ದೆ.

ಆಮೇಲೆ ತೋಟ. ಸಣ್ಣಗೆ ಮಳೆ. ನೆಲ, ಬೇರು, ಕಲ್ಲು, ಸೇತುವೆ, ಎಲ್ಲದರ ಮೇಲೂ ಹಸಿರು. ಒಂದೇ ಹಸಿರಲ್ಲ. ಅಮ್ಮ ನಿಂತು ಹೇಳಿದ್ದು ಇಷ್ಟೇ: “ನಾವು ಪ್ರತಿ ಮಳೆಗಾಲ ಇದನ್ನೇ ಅಲ್ವೇನೆ ಅಂಗಳದಿಂದ ಕೆರೆದು ಕೆರೆದು ಹಾಕಿದ್ದು.” ನಮ್ಮ ಕಡೆ ಗೊತ್ತಲ್ಲ, ಹಾವಸೆ ಜಾರುತ್ತದೆ ಎಂದು ಕತ್ತಿ ಹಿಡಿದು ಹೆರೆದು, ಸುಣ್ಣ ಚೆಲ್ಲುತ್ತೇವೆ. ಅಡಿಕೆ ದಬ್ಬೆ ಹಾಸುತ್ತೇವೆ. ಅಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಹೊದ್ದು, ಮೊಣಕಾಲೂರಿ, ಪಾಚಿಯ ನಡುವೆ ಎದ್ದ ಕಳೆಯನ್ನು ಬೆರಳಿನಲ್ಲಿ ಒಂದೊಂದಾಗಿ ಕೀಳುತ್ತಿದ್ದರು. ಅಮ್ಮ ಅವರ ಹತ್ತಿರ ನಿಂತು ಕೈಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಭಾಷೆ ಬರುವುದಿಲ್ಲ. ಆಕೆ ಕಿತ್ತ ಕಳೆಯೊಂದನ್ನು ಎತ್ತಿ ತೋರಿಸಿದರು, ಅಮ್ಮ ತಲೆ ಆಡಿಸಿದರು. ದಾರಿ ಒಂದೆರಡು ಕಡೆ ಏರು ತಗ್ಗು ಇದೆ, ಕೊಡೆಯನ್ನೇ ಊರುಗೋಲು ಮಾಡಿಕೊಂಡು ನಿಧಾನಕ್ಕೆ ಬಂದರು.

ತೋಜಿಯಲ್ಲಿ ಹಂಸಗಳನ್ನು ನೋಡಿ ಅಮ್ಮ ಕೈ ಮುಗಿದರು. ಸಾಂಜೂಸಾಂಗೆಂದೋ ಒಳಗೆ ಒಂದೂವರೆ ಗಂಟೆ ಇದ್ದೆವು. ಕಿನ್ಕಾಕುಜಿಗೂ ಹೋದೆವು. ಚೆನ್ನಾಗಿದೆ, ಆದರೆ ಮನೆಗೆ ಬಂದ ಮೇಲೆ ಅಮ್ಮ ಅದರ ಮಾತೇ ಎತ್ತಿಲ್ಲ. ರ‍್ಯೋಆನ್‌ಜಿಯಲ್ಲಿ ಶಾಲೆಯ ಮಕ್ಕಳ ದಂಡು ಬಂದಿತ್ತು, ಹೂವು ಬಳ್ಳಿಯವರು ಹೇಳಿದ ಗೋಡೆಯನ್ನು ಕಣ್ತುಂಬ ನೋಡಲು ಆಗಲಿಲ್ಲ. ತೆನ್‌ರ‍್ಯೂಜಿ ಊಟದಲ್ಲಿ ಎಳ್ಳಿನ ತೋಫು ಅವರಿಗೆ ತುಂಬಾ ಹಿಡಿಸಿತು. ಉಳಿದದ್ದಕ್ಕೆ ಚಟ್ನಿಪುಡಿ ಬೇಕಾಯಿತು. ಯಾತ್ಸುಹಾಶಿ ಎಂಬ ಸಿಹಿ ತಿಂದಿರಾ? ಅಕ್ಕಿ ಹಿಟ್ಟಿನ ತೆಳು ಹಾಳೆಯೊಳಗೆ ಕೆಂಪು ಕಾಳಿನ ಹೂರಣ. ಅಮ್ಮ ಅದನ್ನು ‘ದಾಲ್ಚಿನ್ನಿ ಕಡುಬು’ ಅಂದರು.

30ರ ಸಂಜೆ ಹುಲ್ಲಿನ ಬಳೆ ದಾಟಿದೆವು. ಹುಲ್ಲು ನೋಡಲು ನಮ್ಮ ದರ್ಭೆಯ ಹಾಗೇ ಇದೆ. ಎಡಕ್ಕೆ ಹೋಗಬೇಕಾದಲ್ಲಿ ನಾನು ಬಲಕ್ಕೆ ಹೊರಟೆ, ಹಿಂದಿದ್ದ ಅಜ್ಜಿಯೊಬ್ಬರು ತೋಳು ಹಿಡಿದು ತಿರುಗಿಸಿದರು. ಅಮ್ಮ ಮಾತ್ರ ಮೂರೂ ಸುತ್ತು ಸರಿಯಾಗಿ ಹಾಕಿದರು.

ನಡೆದು ನೋಡಿದವನು

ಓದಿ ತುಂಬಾ ಖುಷಿಯಾಯಿತು. ನವೆಂಬರ್ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಪಾಚಿಯನ್ನು ಮಳೆಯಲ್ಲಿ ನೋಡಿಲ್ಲ ಎಂಬ ಕೊರಗು ಈಗ ಶುರುವಾಗಿದೆ. ಅಮ್ಮನ ಮಂಡಿ ಹೇಗಿದೆ?

ಅಘನಾಶಿನಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಮುಂದಿನ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಜೂನ್ ಮಧ್ಯದಲ್ಲಿ. ಅಷ್ಟು ಬೇಗ ಹೋದರೆ ಆ ಹುಲ್ಲಿನ ಬಳೆ ಸಿಗುವುದಿಲ್ಲವಾ?

ಓಸಾಕಾ ವಾಸಿ

ಕೆಲವು ಗುಡಿಗಳಲ್ಲಿ ಕೆಲವು ದಿನ ಮೊದಲೇ ನಿಲ್ಲಿಸುತ್ತಾರೆ, ಆದರೆ ಮಧ್ಯಕ್ಕೆ ನಂಬಿ ಬರಬೇಡಿ. ಬದಲಿಗೆ ಮಿನಾಜುಕಿ ತಿನ್ನಿ. ಬಿಳಿ ತ್ರಿಕೋನದ ಮೇಲೆ ಕೆಂಪು ಕಾಳು ಇಟ್ಟ ಸಿಹಿ, ಮಂಜುಗಡ್ಡೆಯ ತುಂಡಿನ ನೆನಪಿಗೆ ಮಾಡಿದ್ದು. 30ರಂದು ತಿನ್ನುವುದು ಪದ್ಧತಿ, ಅಂಗಡಿಗಳಲ್ಲಿ ಜೂನ್ ತುಂಬಾ ಸಿಗುತ್ತದೆ. ಮಧ್ಯದಲ್ಲಿ ಬಂದರೆ ಇನ್ನೊಂದು ಲಾಭ ಇದೆ. ರಾತ್ರಿ ಎಂಟರ ಹೊತ್ತಿಗೆ ಗಿನ್ಕಾಕುಜಿ ಕೆಳಗಿನ ತತ್ವಜ್ಞಾನಿಯ ದಾರಿಯಲ್ಲಿ ಕಾಲುವೆ ಪಕ್ಕ ನಡೆಯಿರಿ. ಮಿಂಚುಹುಳು ಇರುತ್ತವೆ. ಟಾರ್ಚ್ ಹಾಕಬೇಡಿ.

ತುಂಗೆಯ ದಡ

ಮಂಡಿ ಪರವಾಗಿಲ್ಲ, ಕೇಳಿದ್ದಕ್ಕೆ ಧನ್ಯವಾದ. ಅಘನಾಶಿನಿ ಅವರೇ, ಮಾವನಿಗೂ ಮಂಡಿ ನೋವಿದ್ದರೆ ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ. ಜಗುಲಿಯಿಂದ ಏಳುವುದಕ್ಕಿಂತ ಶೂ ಹಾಕಿಕೊಳ್ಳಲು ಬಗ್ಗುವುದೇ ಅಮ್ಮನಿಗೆ ಕಷ್ಟವಾಗಿತ್ತು. ಲೇಸ್ ಇಲ್ಲದ ಶೂ ಇರಲಿ. ಕಾಲುಚೀಲ ದಿನಕ್ಕೆ ಎರಡಲ್ಲ, ಮೂರು ಜೊತೆ.